ಪಾರಿಸನ ಖಿಡಕಿಗಳು

ಮೊನ್ನೆ ಅಥಣಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪ್ರಶ್ನೆಪತ್ರಿಕೆ ಟೈಪು ಮಾಡುತ್ತ ಕೂತಿದ್ದೆ. ಎಡಗೈಯ ಬೆರಳುಗಳು ನನ್ನನ್ನು ಕೇಳದೆಯೇ ಮೂರು ಕೀಗಳನ್ನು ಒಟ್ಟಿಗೆ ಒತ್ತಿ, ಏನೋ ಆಗುತ್ತದೆಂದು ಸುಮ್ಮನೆ ಕಾದವು. ಏನೂ ಆಗಲಿಲ್ಲ. ಪ್ರಶ್ನೆಪತ್ರಿಕೆ ಪ್ರಶ್ನೆಪತ್ರಿಕೆಯಾಗಿಯೇ ಉಳಿಯಿತು. ಅದು ಗಾಜಿನಂತಾಗಿ, ಹಿಂದೆ ಅಡಗಿದ್ದ ಹೋದ ವರ್ಷದ ಪ್ರಶ್ನೆಪತ್ರಿಕೆ ಮಸುಕಾಗಿ ಮೇಲೆದ್ದು ಬರಬೇಕೆಂದು ನನ್ನ ಬೆರಳುಗಳಿಗೆ ಆಸೆ. ಈ ಕಂಪ್ಯೂಟರಿನಲ್ಲಿ ಅಂಥ ಏರ್ಪಾಡು ಇಲ್ಲ, ಎಂದೂ ಇರಲಿಲ್ಲ. ಮನೆ ಬದಲಿಸಿ ವರ್ಷವಾದರೂ ಕತ್ತಲಲ್ಲಿ ಕೈ ಹಳೆಯ ಮನೆಯ ಸ್ವಿಚ್ಚನ್ನೇ ಹುಡುಕುತ್ತದಲ್ಲ, ನಿಮಗೂ ಅದು ಗೊತ್ತಿರಬೇಕು.

ಪಕ್ಕದಲ್ಲಿ ಕೂತಿದ್ದ ಸಮಾಜಶಾಸ್ತ್ರದ ಮೇಡಂ ನನ್ನ ಪರದೆಯನ್ನು ಇಣುಕಿ, "ಸರ, ನಿಮ್ಮ ಕಂಪ್ಯೂಟರ್ ನೋಡಿದ್ರ ಸಂತಿ ದಿನ ಬಸ್‌ಸ್ಟ್ಯಾಂಡ್ ನೋಡಿದಂಗ ಆಗತೈತ್ರಿ," ಎಂದರು. ಸುಳ್ಳಲ್ಲ. ಒಂದರ ಮೇಲೊಂದು ಲೆಕ್ಕವಿಲ್ಲದಷ್ಟು ಕಿಟಕಿ ತೆರೆದುಕೊಂಡಿದ್ದವು. ನಾನು ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಜಾತಿಯವನಲ್ಲ. ಊಟಕ್ಕೆ ಕೂತು ಅರ್ಧ ರೊಟ್ಟಿಗೇ ಎದ್ದು ಯಾವುದೋ ಪುಸ್ತಕ ಹುಡುಕಲು ಹೋದವನು ಪುಸ್ತಕವನ್ನೂ ರೊಟ್ಟಿಯನ್ನೂ ಮರೆತು ಅಂಗಳದಲ್ಲಿ ನಿಂತಿರುತ್ತೇನೆ. ಇಂಥವನ ಬೆರಳಿಗೆ ಒಂದು ಅಚ್ಚುಕಟ್ಟಾದ ಅಭ್ಯಾಸ ಎಲ್ಲಿಂದ ಬಂತು ಎಂದು ಯೋಚಿಸುತ್ತ ಹೋದರೆ ನಿಪ್ಪಾಣಿಯ ತಂಬಾಕಿನ ವಾಸನೆ ಬರುತ್ತದೆ. ಅದು ಪಾರಿಸನ ಡಿಟಿಪಿ ಅಂಗಡಿಯ ವಾಸನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನೇ ನಂಬುವುದಿಲ್ಲ. ಕಣ್ಣಿಗೆ ಕಂಡದ್ದೆಲ್ಲ ನಿಜವೇ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಧಾರವಾಡಕ್ಕೆ ಹೋಗಿ, ಹಾಸ್ಟೆಲ್ಲಿನ ಅನ್ನ ತಿಂದು, ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, 'ಖಚಿತವಾಗಿ ಹೇಳಲು ಬಾರದು' ಎಂಬ ಉತ್ತರ ತಂದವನು ನಾನು. ನಮ್ಮೂರು ಸತ್ತಿಯಲ್ಲಿ ಕಬ್ಬಿಗೆ ನೀರು ಹಾಯಿಸುತ್ತಿದ್ದ ನಮ್ಮಪ್ಪ ಆ ಉತ್ತರವನ್ನು ಒಂದು ಗಳಿಗೆ ತೂಗಿ ನೋಡಿ, "ಇಷ್ಟ ಹೇಳಾಕ ಅಲ್ಲಿತನಾ ಹ್ವಾದ್ಯಾ?" ಎಂದಿದ್ದ. ಆಮೇಲೆ ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ವಾರದಲ್ಲಿ ಕೆಲವು ದಿನ ಅತಿಥಿ ಉಪನ್ಯಾಸಕನಾದೆ. ಅತಿಥಿಯೆಂದು ಕರೆದರೂ ಯಾರೂ ಚಹಾ ಬೇಕೇ ಎಂದು ಕೇಳುತ್ತಿರಲಿಲ್ಲ. ಉಳಿದ ದಿನಗಳನ್ನು ಎಲ್ಲಿ ಕಳೆಯಬೇಕೆಂದು ತಿಳಿಯದೆ ನಿಪ್ಪಾಣಿಯಲ್ಲಿ ಒಂದು ಖೋಲಿ ಹಿಡಿದು, ಹೈಸ್ಕೂಲಿನ ಗೆಳೆಯ ಪಾರಿಸನ ಅಂಗಡಿಯಲ್ಲಿ ಪ್ರೂಫ್ ನೋಡುವ ನೆಪದಲ್ಲಿ ಕೂರತೊಡಗಿದೆ.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಡಿಟಿಪಿ ಅಂಗಡಿಯೆಂದರೆ ಮದುವೆಯ ಪತ್ರಿಕೆ. ನಮ್ಮ ಕಡೆ ಹೆಣ್ಣು ಕೊಡುವುದು ತರುವುದು ಗಡಿ ನೋಡಿ ಅಲ್ಲ. ಹೆಣ್ಣಿನವರು ಕನ್ನಡ ಓದುವವರು, ಗಂಡಿನವರು ಮರಾಠಿ ಓದುವವರು. ಮಾತಾಡಲು ಇಬ್ಬರಿಗೂ ಎರಡೂ ಬರುತ್ತದೆ, ಓದಲು ಮಾತ್ರ ತಮ್ಮ ತಮ್ಮ ಶಾಲೆಯ ಅಕ್ಷರವೇ ಬೇಕು. ಹೀಗಾಗಿ ಒಂದೇ ಕಾರ್ಡಿನ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ. ಎರಡಕ್ಕೂ ಬೇರೆ ಬೇರೆ ಸಾಫ್ಟ್‌ವೇರ್, ಬೇರೆ ಬೇರೆ ಕಿಟಕಿ. ಪಾರಿಸ ಅವನ್ನು 'ಖಿಡಕಿ' ಎನ್ನುತ್ತಿದ್ದ. ಅವನ ಪುಟ್ಟ ಮಾನಿಟರಿನಲ್ಲಿ ಒಂದು ಖಿಡಕಿ ತೆರೆದರೆ ಇನ್ನೊಂದು ಮುಚ್ಚಿಹೋಗುತ್ತಿತ್ತು. ಬೀಗರಿಬ್ಬರೂ ಒಟ್ಟಿಗೆ ಬಂದು ಕೂತಾಗ ಯಾರ ಖಿಡಕಿ ಮೇಲಿದೆ ಎಂಬುದೂ ಒಂದು ಮಾನಾಪಮಾನದ ವಿಷಯ.

ಆ ಗೊಂದಲಕ್ಕೆ ಮದ್ದೆಂದು ಅವನು ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ಕೂಡಿಹಾಕುತ್ತಿದ್ದ. ಕಂಪ್ಯೂಟರ್ ಪತ್ರಿಕೆಗಳ ಜೊತೆ ಪುಕ್ಕಟೆ ಸಿಡಿ ಬರುತ್ತಿದ್ದ ಕಾಲ ಅದು. ಒಂದು ಪ್ರೋಗ್ರಾಮು ಖಿಡಕಿಯನ್ನು ಅಂಗಡಿಯ ಶಟರಿನಂತೆ ಮೇಲಕ್ಕೆ ಸುತ್ತಿ ಬರೀ ತಲೆಪಟ್ಟಿ ಉಳಿಸುತ್ತಿತ್ತು. ಇನ್ನೊಂದರಲ್ಲಿ ಸಣ್ಣ ಗುಂಡುಸೂಜಿಯ ಚಿತ್ರ. ಅದನ್ನು ಚುಚ್ಚಿದರೆ ಆ ಖಿಡಕಿ ಎಲ್ಲದರ ಮೇಲೆ ಕೂತುಬಿಡುತ್ತಿತ್ತು. ಪಾರಿಸ ಒಮ್ಮೆ ಆ ಸೂಜಿಯನ್ನು ಕ್ಯಾಲ್ಕುಲೇಟರಿಗೆ ಚುಚ್ಚಿ, ತೆಗೆಯುವ ಬಗೆ ಮರೆತ. ಆ ಇಡೀ ಮದುವೆಯ ಹಂಗಾಮು ಕ್ಯಾಲ್ಕುಲೇಟರು ಪರದೆಯ ಮೂಲೆಯಿಂದ ಮೂಲೆಗೆ, ಮನೆಯಲ್ಲಿ ಜಗಳವಾಡಿ ಬಂದ ನೆಂಟನಂತೆ, ಅಲೆದಾಡಿತು. ವಧುವಿನ ಹೆಸರು ಟೈಪು ಮಾಡಬೇಕಾದರೆ ಮೊದಲು ಅದನ್ನು ಎಳೆದು ವರನ ಮೇಲೆ ಕೂರಿಸಬೇಕು.

ಮತ್ತೊಂದು ಪ್ರೋಗ್ರಾಮು ಒಂದೇ ಪರದೆಯನ್ನು ನಾಲ್ಕು ಪರದೆ ಮಾಡುತ್ತಿತ್ತು. ಪಾರಿಸ ಅವುಗಳನ್ನು ಖೋಲಿಗಳೆಂದು ಕರೆದ. ಕನ್ನಡಕ್ಕೊಂದು, ಮರಾಠಿಗೊಂದು, ಫೋಟೋಗಳಿಗೊಂದು, ಇಸ್ಪೀಟಿಗೊಂದು. ಒಮ್ಮೆ ರಾಯಬಾಗದ ಒಬ್ಬ ಹಿರಿಯರು ತಮ್ಮ ಪತ್ರಿಕೆ ಎಲ್ಲಿ ಎಂದು ಕೇಳಿದರು. ಪಾರಿಸ ಪರದೆಯಿಂದ ಕಣ್ಣು ತೆಗೆಯದೆ, "ಒಳಗಿನ ಖೋಲ್ಯಾಗ ಐತ್ರಿ ಮಾಮಾ, ಕುಂದರ್ರಿ," ಎಂದ. ಅವರು ಎದ್ದು ಹೋಗಿ ಅಂಗಡಿಯ ಹಿಂದಿನ ಪರದೆ ಸರಿಸಿ ನೋಡಿದರು. ಅಲ್ಲಿ ಪಾರಿಸನ ಸೈಕಲ್ಲೂ ನೀರಿನ ಕೊಡವೂ ಇದ್ದವು. ಬಂದು ಕೂತು, "ಇನ್ನೂ ಬಂದಿಲ್ಲ ಕಾಣ್ತೈತಿ," ಎಂದರು, ಬಹಳ ಸಮಾಧಾನದಿಂದ.

ಆದರೆ ನನಗೆ ಬೇಕಾಗಿದ್ದದ್ದು ಗಾಜು ಮಾಡುವ ಪ್ರೋಗ್ರಾಮು. ಮೂರು ಕೀ ಒತ್ತಿದರೆ ಮೇಲಿನ ಖಿಡಕಿ ತೆಳ್ಳಗಾಗುತ್ತ ಹೋಗಿ ಕೆಳಗಿನದು ಕಾಣುತ್ತಿತ್ತು. ಕನ್ನಡದ ಅಕ್ಷರಗಳ ಸಂದಿನಿಂದ ಮರಾಠಿಯ ಅಕ್ಷರಗಳು, ತಳದ ಕಲ್ಲುಗಳು ಬೇಸಿಗೆಯ ಹೊಳೆಯಲ್ಲಿ ಕಾಣುವಂತೆ, ಅಲುಗಾಡದೆ ಕಾಣುತ್ತಿದ್ದವು. ಅದನ್ನು ನೋಡುತ್ತ ನಾನು ಎಷ್ಟೋ ಮಧ್ಯಾಹ್ನ ಕಳೆದೆ. ಚಿಕ್ಕವನಿದ್ದಾಗ ಸತ್ತಿಯ ಹೊಳೆಯಲ್ಲಿ ಬಳಪದಲ್ಲಿ ಬರೆದ ಪಾಟಿ ತೊಳೆಯಲು ಹೋಗುತ್ತಿದ್ದೆವು. ನೀರಿನಲ್ಲಿ ಅದ್ದಿದ ಕೂಡಲೇ ಪಾಟಿಯ ಮೇಲಿನ ಬರಹ ಮಾಯ. ಉಜ್ಜದೆ ಬಿಸಿಲಿಗೆ ಹಿಡಿದರೆ ಒಣಗುತ್ತ ಒಣಗುತ್ತ ಅಕ್ಷರಗಳು ಒಂದೊಂದೇ ವಾಪಸು ಬರುತ್ತಿದ್ದವು. ನೀರು ತಿಂದದ್ದನ್ನು ಬಿಸಿಲು ಕೊಡುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಅಕ್ಕನನ್ನು ಕೇಳಿದರೆ, "ಅದು ನನ್ನ ಪಾಟಿ. ನೀ ಇನ್ನೂ ಶಾಲಿಗೇ ಬರ್ತಿದ್ದಿಲ್ಲ," ಎನ್ನುತ್ತಾಳೆ. ಇರಬಹುದು. ಒಬ್ಬರ ಪಾಟಿಯನ್ನು ಇನ್ನೊಬ್ಬರು ನೆನಪಿಟ್ಟುಕೊಳ್ಳುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ.

ಗಾಜಿಗೆ ಅಂಗಡಿಯಲ್ಲಿ ನಿಜವಾದ ಕೆಲಸವೂ ಇತ್ತು. ಎರಡು ಮಗ್ಗುಲಿನ ಪತ್ರಿಕೆಯಲ್ಲಿ ಸಾಲಿಗೆ ಸಾಲು ಸರಿ ಕೂಡಬೇಕು. ಇದು ಯಾವ ಶಾಸ್ತ್ರದಲ್ಲೂ ಇಲ್ಲ, ಗಡಿಯ ಬೀಗರ ನಡುವೆ ತಾನಾಗಿ ಬೆಳೆದದ್ದು. ಹಿಂದೊಮ್ಮೆ ಯಾರದೋ ಪತ್ರಿಕೆಯಲ್ಲಿ ಹೆಣ್ಣಿನವರ ಮಗ್ಗುಲಿಗೆ ಸಾಲು ಕಡಿಮೆ ಬಿದ್ದು, ಊಟದ ಪಂಗತಿಯಲ್ಲಿ ಗಂಡಿನ ಕಡೆಯ ಹುಡುಗರು, "ನಿಮ್ಮ ಮಂದಿ ಅಷ್ಟ ಅದಾರೇನು?" ಎಂದು ಕೆಣಕಿ, ಹಾಗೆ ಎದ್ದ ಮಾತು ಕೂರಲು ವರ್ಷ ಹಿಡಿಯಿತಂತೆ. ಅಂದಿನಿಂದ ಪಾರಿಸ ಎರಡನ್ನೂ ಬಟರ್ ಪೇಪರಿನ ಮೇಲೆ ಮುದ್ರಿಸಿ, ಒಂದರ ಮೇಲೊಂದು ಇಟ್ಟು, ಟ್ಯೂಬ್‌ಲೈಟಿಗೆ ಹಿಡಿದು ಗಿರಾಕಿಗೆ ತೋರಿಸುತ್ತಿದ್ದ. ಈ ಪ್ರೋಗ್ರಾಮು ಬಂದ ಮೇಲೆ ಕಾಗದ ಉಳಿಯಿತು. ಎರಡು ಖಿಡಕಿ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಮೂರು ಕೀ ಒತ್ತಿದರೆ ಸಾಕು.

ಭೋಜದಿಂದ ಅಣ್ಣಾಸಾಬ ಕಾಕಾ ಬಂದದ್ದು ಹೀಗೊಂದು ಮಧ್ಯಾಹ್ನ. ಅಣ್ಣನ ಮಗಳು ಜಯಶ್ರೀಯ ಮದುವೆ. ಅವರ ಜೊತೆ ಜಯಶ್ರೀ ಬಂದಿದ್ದಳು. ಚಿಕ್ಕೋಡಿಯ ಶಾಲೆಯಲ್ಲಿ ಕಲಿಸುತ್ತಿದ್ದಳು, ಬಸ್ಸಿನಲ್ಲಿ ನೋಡಿ ಪರಿಚಯ. ಅವಳ ತಾಯಿಯೂ ಬಂದಿದ್ದರು. ಸೆರಗು ಹೊದ್ದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು, ಅಂಗಡಿಗೆ ಬಂದದ್ದು ತಾವಲ್ಲ ಎಂಬಂತೆ. ಜಯಶ್ರೀಯ ತಂದೆ ಬಾಳಗೌಡರು ಅವಳು ಸಣ್ಣ ಶಾಲೆಯಲ್ಲಿದ್ದಾಗಲೇ ತೀರಿಹೋಗಿದ್ದರು. ಅಲ್ಲಿಂದ ಮನೆಯ ತಂಬಾಕಿನ ಹೊಲವನ್ನು ಈ ಮೈದುನನೂ ಅತ್ತಿಗೆಯೂ ಕೂಡಿ ನಡೆಸಿದ್ದರು.

ಕಾಕಾ ಒಂದೊಂದೇ ಸಾಲು ಹೇಳಿದರು, ಪಾರಿಸ ಟೈಪು ಮಾಡಿದ. "ನಮ್ಮ ಕಡಿ ಒಂದ ಸಾಲ ಸೈತ ಕಮ್ಮಿ ಆಗಬಾರ್ದು ನೋಡಪಾ," ಎಂದು ನಡುನಡುವೆ ಎಚ್ಚರಿಸುತ್ತಿದ್ದರು. 'ನಮ್ಮ ಅಣ್ಣನವರಾದ ದಿವಂಗತ ಬಾಳಗೌಡರ ಸುಪುತ್ರಿ' ಎಂಬಲ್ಲಿಗೆ ಬಂದಾಗ ಜಯಶ್ರೀ ಮಾತಾಡಿದಳು.

"ಕಾಕಾ, ಅವ್ವನ ಹೆಸರು ಬಿಟ್ರಿ."

"ಬಿಟ್ಟಿಲ್ಲವಾ. ಹಾಕೂದಿಲ್ಲ. ಶುಭಕಾರ್ಯ ಐತಿ."

"ಅದಕ್ಕಂತನ ಹಾಕ್ರಿ ಅಂತೀನಿ."

"ನಾ ಮಾಡಿದ ಪದ್ಧತಿ ಏನವಾ ಇದು? ನಮ್ಮ ಮಂದ್ಯಾಗ ಯಾರ ಪತ್ರಿಕ್ಯಾಗ ಹಾಕ್ಯಾರ ಹೇಳು."

"ಯಾರರ ಮೊದಲ ಹಾಕಬೇಕಲ್ಲ?"

"ಅದು ನಾನs ಆಗಬೇಕೇನು? ನಾಳೆ ಹತ್ತ ಮಂದಿ ನಮ್ಮ ಬಾಗಲಕ ಬಂದ ಕೇಳ್ತಾರ. ನೀ ಹೋಗಿರ್ತಿ ಗಂಡನ ಮನಿಗೆ. ಇಲ್ಲಿ ಇರಾವ್ರು ನಾವು."

ಬಾಗಿಲಿನಿಂದ, "ಇರಲಿ ಬಿಡವಾ ಜಯಾ. ಅಂಗಡ್ಯಾಗ ಮಾತ ಬೆಳಸಬ್ಯಾಡ," ಎಂದು ತಾಯಿಯ ದನಿ ಬಂತು. ಕೋಪದ ದನಿಯಲ್ಲ. ಬಹಳ ದಿನದಿಂದ ಮಡಚಿಟ್ಟ ಬಟ್ಟೆಯಂಥ ದನಿ. ಜಯಶ್ರೀ ನನ್ನ ಕಡೆ ನೋಡಿದಳು. ಓದಿದವನು ಏನಾದರೂ ಹೇಳುತ್ತಾನೆಂದು ಕಾದಿರಬೇಕು. ಇಂಥ ಪದ್ಧತಿಗಳ ವಿರುದ್ಧ ನನ್ನ ತಲೆಯಲ್ಲಿ ಒಂದು ಭಾಷಣವೇ ಸಿದ್ಧವಿತ್ತು, ಅಡಿಟಿಪ್ಪಣಿಗಳ ಸಮೇತ. ನಾನು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆ.

"ಈಗ ಕೂಡಿಸಿ ತೋರಸು ಪಾರಿಸ, ಅವರದೂ ನಮ್ಮದೂ," ಎಂದರು ಕಾಕಾ, ಮಾತು ಮುಗಿಯಿತೆಂಬಂತೆ.

ಮರಾಠಿಯ ಮಗ್ಗುಲನ್ನು ಗಂಡಿನವರು ಹಿಂದಿನ ದಿನವೇ ಹೇಳಿ ಬರೆಸಿದ್ದರು. ಹೇಳಿದ್ದು ವರನ ತಾಯಿ, ಫೋನಿನಲ್ಲಿ. ಪಾರಿಸ ಎರಡು ಖಿಡಕಿಗಳನ್ನೂ ಒಂದರ ಮೇಲೊಂದು ಕೂರಿಸಿ ಸಾಲು ಹೊಂದಿಸಿದ. ಗಾಜು ಮಾಡುವ ಕೆಲಸ ನನ್ನದು. ಒತ್ತಿದೆ. ಕನ್ನಡ ತೆಳ್ಳಗಾಯಿತು. ಕೆಳಗಿನಿಂದ ಮರಾಠಿ ಎದ್ದು ಬಂತು. ದೇವರ ಹೆಸರಿಗೆ ದೇವರ ಹೆಸರು, ವರನಿಗೆ ವರ, ಊರಿಗೆ ಊರು ಕೂಡಿದವು. ಬಾಳಗೌಡರ ಹೆಸರಿನ ಕೆಳಗೆ ಮಾತ್ರ, ಕನ್ನಡದಲ್ಲಿ ಏನೂ ಇಲ್ಲದ ಬಿಳಿಯ ಜಾಗದಲ್ಲಿ, ಮರಾಠಿಯ ಒಂದು ಸಾಲು ಒಂಟಿಯಾಗಿ ನಿಂತಿತ್ತು.

ಕಾಕಾ ಮುಂದಕ್ಕೆ ಬಾಗಿದರು. ಮರಾಠಿಯಲ್ಲಿ ಸಂತೆ, ಜಗಳ, ಭಜನೆ ಎಲ್ಲ ಮಾಡಬಲ್ಲವರು, ಓದಲು ಬಾರದು. ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಏನೈತಿ?" ಎಂದರು.

ಪಾರಿಸ ನನ್ನನ್ನು ನೋಡಿದ. ನಾನು ಓದಿದೆ. "ಶ್ರೀಮತಿ ಸುನಂದಾ ಅಂತ ಐತ್ರಿ ಕಾಕಾ."

ಜಯಶ್ರೀ ಬಾಗಿಲ ಕಡೆ ತಿರುಗಿ ತಾಯಿಯನ್ನು ನೋಡಿದಳು.

"ಅವರು ಹಾಕ್ಯಾರ?"

"ಹೌದ್ರಿ," ಎಂದ ಪಾರಿಸ. "ಹುಡುಗನ ತಾಯಿನ ಹೇಳಿ ಬರಸ್ಯಾರ. ಎರಡ ಸಲ ಹೇಳ್ಯಾರ, ಮರೀಬ್ಯಾಡ ಅಂತ."

"ತಗದ ಬಿಡು."

"ಅವರ ಮಗ್ಗಲದ್ದು ನಾ ಹೆಂಗ ತಗೀಲ್ರಿ? ನೀವ ಒಂದ ಮಾತ ಫೋನ್ ಮಾಡ್ರಿ."

ಕಾಕಾ ಅಂಗಿಯ ಜೇಬಿನಿಂದ ಮೊಬೈಲು ತೆಗೆದರು. ಗುಂಡಿಗಳನ್ನು ನೋಡಿದರು. ಬಾಯಿಯೊಳಗೇ ಮರಾಠಿಯ ಎರಡು ಮಾತು ಜೋಡಿಸಿ, ಬಿಟ್ಟು, ಮತ್ತೆ ಜೋಡಿಸಿದರು. ನನಗೆ ಆಗ ಹೊಳೆದದ್ದು ಇಷ್ಟು, ಅಥವಾ ಆಮೇಲೆ ಯಾವಾಗಲೋ ಹೊಳೆದು ಆಗಿನದೆಂದು ಸೇರಿಸಿಕೊಂಡಿದ್ದೇನೆ: ಹೆಸರನ್ನು ಹಾಕದೇ ಬಿಡುವುದಕ್ಕೆ ಯಾರೂ ಏನೂ ಹೇಳಬೇಕಾಗಿಲ್ಲ. ಹಾಕಿದ್ದನ್ನು ತೆಗೆಯಬೇಕಾದರೆ ಬಾಯಿ ಬಿಟ್ಟು ಹೇಳಬೇಕು. ನಮ್ಮ ಅತ್ತಿಗೆಯ ಹೆಸರು ಬೇಡ, ಅದು ಅಶುಭ ಎಂದು ಬೀಗರ ಮುಂದೆ, ಅತ್ತಿಗೆ ಕೇಳುವಂತೆ, ಹೇಳಬೇಕು.

ಅವರು ಮೊಬೈಲನ್ನು ಜೇಬಿಗೆ ಹಾಕಿದರು. "ಆ ಜಾಗಾದಾಗ ಊರ ಹೆಸರ ಹಾಕು. ಸಾಲಿಗೆ ಸಾಲ ಆಕ್ಕೈತಿ."

ಪಾರಿಸ ಆ ಬಿಳಿ ಜಾಗದಲ್ಲಿ 'ಸಾ|| ಭೋಜ' ಎಂದು ಹಾಕಿದ. ಗಾಜಿನಲ್ಲಿ ಎರಡೂ ಒಂದರೊಳಗೊಂದು ಸಿಕ್ಕಿಕೊಂಡವು. ಊರೂ ಓದಲು ಬಾರದು, ಹೆಸರೂ ಓದಲು ಬಾರದು. ಕಾಕಾ ಅದನ್ನು ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದರು. "ಹಿಂಗ ಕಾಣ್ತೈತೇನು?" ಎಂದರು. "ಅಚ್ಚಿನ್ಯಾಗ ಕಾಣೂದಿಲ್ರಿ, ಎರಡೂ ಬ್ಯಾರೆ ಮಗ್ಗಲಾ," ಎಂದ ಪಾರಿಸ. "ಕಾಣತೈತಲ್ಲೋ ಈಗ," ಎಂದರು ಕಾಕಾ. "ಅಳಸದನ್ನ." ಪಾರಿಸ ಅಳಿಸಿದ.

ಆಗ ಸ್ಟೂಲಿನಿಂದ ಆ ತಾಯಿ ಎದ್ದು ಎರಡು ಹೆಜ್ಜೆ ಒಳಗೆ ಬಂದರು. ಮದುವೆಯಾಗಿ ಬಂದಾಗ ಈ ಮೈದುನ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದನಂತೆ. ಅವನನ್ನು ಹೆಸರು ಹಿಡಿದು ಕರೆಯುವುದು ಅವರಿಗೆ ರೂಢಿ.

"ಅಣ್ಣಾಸಾಬ, ನೀ ಯಾಕ ಕಷ್ಟಪಡ್ತಿ? ನಾನs ಬ್ಯಾಡ ಅಂದೀನಿ ಅಂತ ಹೇಳಿಬಿಡು ಅವರಿಗೆ."

ಕಾಕಾ ಅತ್ತಿಗೆಯ ಕಡೆ ತಿರುಗಿದರು. "ನೀವು ಬ್ಯಾಡ ಅಂದ್ರೇನ್ರಿ ವೈನಿ?"

"ನನ್ನ ಯಾರ ಕೇಳ್ಯಾರಪಾ?"

ಅದನ್ನೂ ಅವರು ಸಹಜವಾಗಿಯೇ ಹೇಳಿದರು, ಮನೆಯಲ್ಲಿ ಉಪ್ಪು ತೀರಿದೆ ಎನ್ನುವಷ್ಟು ಸಹಜವಾಗಿ. ಜಯಶ್ರೀ ಮುಖ ಆ ಕಡೆ ತಿರುಗಿಸಿದಳು. ಕಾಕಾ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಕೇಳಿದಾಗ ಅವರ ದನಿ ತೀರ ಸಣ್ಣದಾಗಿತ್ತು.

"ಈಗ ಕೇಳಾಕತ್ತೀನ್ರಿ."

ಆ ತಾಯಿ ಪರದೆಯ ಹತ್ತಿರ ಬಂದು, ಆ ಬಿಳಿ ಜಾಗವನ್ನೂ ಅದರ ಅಡಿಯಲ್ಲಿ ನಿಂತ ಮಸುಕು ಅಕ್ಷರವನ್ನೂ ನೋಡಿದರು. ಎರಡೂ ಲಿಪಿ ಅವರಿಗೆ ಬರುತ್ತಿತ್ತೋ, ಒಂದೂ ಬರುತ್ತಿರಲಿಲ್ಲವೋ ನನಗೆ ಗೊತ್ತಿಲ್ಲ.

"ಹಾಕ್ರಿ ಹಂಗಾರ," ಎಂದರು.

ಪಾರಿಸ ಹಾಕಿದ. ಸಾಲಿಗೆ ಸಾಲು ಕೂಡಿತು.

ಇದೆಲ್ಲ ಹೀಗೇ ನಡೆಯಿತೆಂದು ನಾನು ಪ್ರಮಾಣ ಮಾಡಲಾರೆ. ಸ್ಟಾಫ್ ರೂಮಿನ ಸಂಗತಿಯಾದ ಸಂಜೆ ಪಾರಿಸನಿಗೆ ಫೋನು ಮಾಡಿದೆ. ಅವನು ಈಗ ಅದೇ ಅಂಗಡಿಯಲ್ಲಿ ಮೊಬೈಲು ರಿಪೇರಿ ಮಾಡುತ್ತಾನೆ. ಪತ್ರಿಕೆಗಳೆಲ್ಲ ಜನರ ಫೋನಿನೊಳಗೇ ಹುಟ್ಟಿ ಅಲ್ಲೇ ಹಂಚಿಹೋಗುವ ಕಾಲ ಬಂದಿದೆ. ಎಲ್ಲ ಕೇಳಿಸಿಕೊಂಡು ಅವನು ನಕ್ಕ.

"ಗಾಜಿಂದು ಪ್ರೋಗ್ರಾಮು ಆ ಮಶೀನಿನ್ಯಾಗ ಎಲ್ಲಿ ನಡೀತಿತ್ತಲೇ? ಒತ್ತಿದ ಕೂಡ್ಲೆ ನಿಂತಬಿಡ್ತಿತ್ತು. ನಾವು ಬಟರ್ ಪೇಪರ್ ಟ್ಯೂಬ್‌ಲೈಟಿಗೆ ಹಿಡದ ತೋರಿಸಿದ್ವಿ ಅವರಿಗೆ. ಒಂದ ತುದಿ ನೀ ಹಿಡದಿದ್ದಿ."

"ಮತ್ತ ನನ್ನ ಬೆರಳಿಗೆ ಆ ಕೀ ಹೆಂಗ ಗೊತ್ತು?"

"ದಿನಾ ಒತ್ತಿ ಒತ್ತಿ ನನ್ನ ಮಶೀನ್ ನಿಲ್ಲಸ್ತಿದ್ದ್ಯಲ್ಲ, ಅದಕ್ಕ. ಎಷ್ಟ ಬೈತಿದ್ದೆ ನಿನಗ, ನೆನಪಿಲ್ಲೇನು?"

ನೆನಪಿಲ್ಲ. ಪರದೆಯ ನೀಲಿ ಬೆಳಕಿನಲ್ಲಿ ಆ ಹೆಸರು ನನಗೆ ಇವತ್ತಿಗೂ ಕಾಣುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಕೈ ಎತ್ತಿ ಕಾಗದದ ತುದಿ ಹಿಡಿದ ನನ್ನನ್ನು ಎಷ್ಟು ಕಲ್ಪಿಸಿಕೊಂಡರೂ ಕಾಣುವುದಿಲ್ಲ. ತೋಳು ನೋಯುವುದು ಮಾತ್ರ ಈಗೀಗ ಸ್ವಲ್ಪ ಸ್ವಲ್ಪ ನೆನಪಾದಂತೆ ಆಗುತ್ತಿದೆ, ಅದೂ ಪಾರಿಸ ಹೇಳಿದ ಮೇಲೆ. ಹೀಗೆಯೇ ಇನ್ನೊಂದು ತಿಂಗಳು ಹೋದರೆ ನಾನು ಕಾಗದವನ್ನೇ ನಂಬಿ, ಗಾಜನ್ನು ಕನಸೆಂದು ಬಿಟ್ಟರೂ ಬಿಟ್ಟೆ.

"ಮುಂದಿಂದರ ನಿನಗ ನೆನಪೈತೇನು?" ಎಂದು ಕೇಳಿದೆ. "ಅವರು ಕಾರ್ಡ್ ಕೊಡಾಕ ಬಂದದ್ದು?"

"ಅದು ಐತಪಾ," ಎಂದ ಪಾರಿಸ.

ಕಾರ್ಡುಗಳು ಅಚ್ಚಾಗಿ ಬಂದ ಮೇಲೆ ಒಂದು ಬೆಳಿಗ್ಗೆ ಕಾಕಾ ನಿಪ್ಪಾಣಿಯ ಪರಿಚಿತರ ಮನೆಗಳಿಗೆ ಹಂಚುತ್ತ ನಮ್ಮ ಅಂಗಡಿಗೂ ಬಂದರು. ಬಿಳಿ ಅಂಗಿ, ಹೊಸ ಟೋಪಿ. ಹಿಂದೆ ಆ ತಾಯಿ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಕಾರ್ಡು ಕೈಗಿಟ್ಟು ಹೋಗುವುದಲ್ಲ; ಕರೆಯುವವರು ನಿಂತು ಬಾಯಿ ತುಂಬ ಹೇಳಬೇಕು, ಕರೆಸಿಕೊಂಡವರು ಎದ್ದು ನಿಂತು ಕೇಳಬೇಕು. ಕಾಕಾ ಕಾರ್ಡನ್ನು ಪಾರಿಸನ ಕೈಗೆ ಕೊಟ್ಟು, ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. ತೆರೆದವರು ನಿಂತರು. ಹೊಸ್ತಿಲಲ್ಲಿ ಒಂದು ಕಡೆಗೆ ಸರಿದು, ಹಿಂದಿದ್ದವರಿಗೆ ದಾರಿ ಬಿಟ್ಟರು.

"ನೀವ ಹೇಳ್ರಿ ವೈನಿ," ಎಂದರು. "ಕರಿಯಾವರು ನೀವು."

ಸುನಂದಾಬಾಯಿ ಒಳಗೆ ಬಂದರು. ಎಲ್ಲಿ ನಿಲ್ಲಬೇಕೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ಮೇಜಿನ ನಡುಮಧ್ಯೆ ಬಂದು ನಿಂತರು. ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡರು. ಮೊದಲು ಪಾರಿಸನನ್ನೂ ಆಮೇಲೆ ನನ್ನನ್ನೂ ನೋಡಿದರು.

"ನನ್ನ ಮಗಳ ಲಗ್ನ ಐತ್ರಿ," ಎಂದರು. "ನೀವು ಇಬ್ಬರೂ ಬರಬೇಕು." ಮಾತು ಕಡಿಮೆಯಾಯಿತೇನೋ ಅನಿಸಿ, "ಉಂಡs ಹೋಗಬೇಕು," ಎಂದು ಸೇರಿಸಿದರು.

ನಾವು ಬರುತ್ತೇವೆ ಎಂದೆವು. ಅವರು ತಲೆಯಾಡಿಸಿ, ಮೈದುನನ ಕಂಕುಳಲ್ಲಿದ್ದ ಕಾರ್ಡುಗಳ ಕಟ್ಟನ್ನು ತಾವೇ ಇಸಿದುಕೊಂಡು, "ಇನ್ನ ಯಾರ ಮನಿ ಉಳದಾವ ಅಣ್ಣಾಸಾಬ?" ಎಂದು ಕೇಳುತ್ತ ಮೈದುನನಿಗಿಂತ ಮುಂದೆ ಮೆಟ್ಟಿಲಿಳಿದು ಹೋದರು.